ಎರಡಕ್ಷರದ ನಿನ್ನೆ

ಮಾಡಿದೆನು, ಮಾಡಿದೆವು, ಮಾಡಿದಿರಿ, ಮಾಡಿದನು, ಮಾಡಿದಳು, ಮಾಡಿದರು, ಮಾಡಿತು. ಮಕ್ಕಳೇ, 'ಮಾಡು' ಎಂಬ ಒಂದು ಮಾತಿಗೆ ಭೂತಕಾಲದಲ್ಲಿ ಎಷ್ಟು ರೂಪ ನೋಡಿ! ಇಷ್ಟನ್ನೂ ನೀವು ಶಾಲೆ ಸೇರುವ ಮೊದಲೇ ಕಲಿತಿರಿ. ಹಾಗಿರುವಾಗ ಇಂಗ್ಲಿಷಿಗೆ ಹೆದರುವುದೇಕೆ? ಅಲ್ಲಿ ಕ್ರಮ ತಪ್ಪದ ಕ್ರಿಯಾಪದದ ಕೊನೆಗೆ ಇ, ಡಿ ಎಂಬ ಎರಡಕ್ಷರ ಸೇರಿಸಿದರೆ ಸಾಕು. ನಾನು, ಅವಳು, ಅವರು ಎಲ್ಲರಿಗೂ ಒಂದೇ ರೂಪ.

ಆ ಎರಡಕ್ಷರದ ಬೆಲೆ ನಾನು ಬ್ಯಾಂಕಿನ ಕೌಂಟರಿನಲ್ಲಿ ಕಂಡಿದ್ದೇನೆ. ಹಿರಿಯರೊಬ್ಬರು ಯಾರಿಂದಲೋ ಬರೆಸಿ ತಂದ ಅರ್ಜಿಯಲ್ಲಿ 'ಐ ಡಿಪಾಸಿಟ್ ಫೈವ್ ಹಂಡ್ರೆಡ್ ರುಪೀಸ್' ಎಂದಿತ್ತು. ಹಣ ಕೊಡಿ ಎಂದೆ. "ಹೋದ ವಾರವೇ ಕಟ್ಟಿದ್ದೀನಿ ಸ್ವಾಮಿ, ಪಾಸ್‌ಬುಕ್ಕಿಗೆ ಏರಿಲ್ಲ" ಎಂದರು. 'ಡಿಪಾಸಿಟೆಡ್' ಎಂದಿದ್ದರೆ ಆ ಮಾತೇ ಬೇಕಿರಲಿಲ್ಲ.

ಬರೆಯುವಾಗ ನಾಲ್ಕು ವಿಷಯ ನೆನಪಿಡಿ. 'ಡ್ಯಾನ್ಸ್' ಪದದ ಕೊನೆಗೆ ಇ ಆಗಲೇ ಇದೆ, ಡಿ ಮಾತ್ರ ಸಾಕು. 'ಸ್ಟಾಪ್' ಪದಕ್ಕೆ ಪಿ ಎರಡಾಗುತ್ತದೆ. 'ಪ್ಲೇ' ಪದದ ವೈ ಹಾಗೇ ಉಳಿಯುತ್ತದೆ, ಅದರ ಹಿಂದೆ ಸ್ವರವಿದೆ. 'ಕ್ಯಾರಿ' ಪದದ ವೈ ಹಿಂದೆ ವ್ಯಂಜನವಿರುವುದರಿಂದ ಅದು ಐ ಆಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಪುಟದ ಅಡಿಯ ಮೊತ್ತಕ್ಕೆ ನಾವು 'ಕ್ಯಾರಿಡ್ ಫಾರ್ವರ್ಡ್' ಎಂದು ಬರೆಯುತ್ತಿದ್ದೆವು. ಅದೇ ಮೊತ್ತ ಮುಂದಿನ ಪುಟದ ತಲೆಯಲ್ಲಿ 'ಬ್ರಾಟ್ ಫಾರ್ವರ್ಡ್' ಆಗುತ್ತಿತ್ತು. 'ಬ್ರಿಂಗ್' ಎಂಬುದು ಕ್ರಮ ತಪ್ಪಿದ ಪದ. ಅಂಥವನ್ನು ಬಾಯಿಪಾಠ ಮಾಡಲೇಬೇಕು.

ಇನ್ನು ಉಚ್ಚಾರಣೆ. ವಾಕ್, ಹೆಲ್ಪ್, ವಾಷ್ ಇಂಥವುಗಳ ಕೊನೆಗೆ 'ಟ್' ಕೇಳಿಸುತ್ತದೆ: ವಾಕ್ಟ್, ಹೆಲ್ಪ್ಟ್, ವಾಷ್ಟ್. ಟ, ಡ ಸದ್ದಿನಿಂದ ಮುಗಿದರೆ ಮಾತ್ರ ಒಂದು ಉಚ್ಚಾರಾಂಶ ಹೆಚ್ಚುತ್ತದೆ: ವಾಂಟೆಡ್, ಕೌಂಟೆಡ್. ಪ್ಲೇಡ್, ಕ್ಲೀನ್ಡ್ ಮುಂತಾದವಕ್ಕೆ ಬರೇ 'ಡ್'.

ಬಳಕೆಯಲ್ಲಿ ನಮ್ಮವರು ಎಡವುವುದು ಎರಡು ಕಡೆ. ಒಂದು, 'ಡಿಡ್ ನಾಟ್ ವಾಕ್ಟ್' ಎನ್ನುವುದು. 'ಡಿಡ್' ಬಂದಾಗಲೇ ಭೂತಕಾಲ ಬಂತು, ಮತ್ತೆ ಬಾಲ ಬೇಡ. 'ಡಿಡ್ ನಾಟ್ ವಾಕ್' ಅಷ್ಟೆ. ನಾವೂ 'ಮಾಡಿದೆನಿಲ್ಲ' ಎನ್ನುವುದಿಲ್ಲ, 'ಮಾಡಲಿಲ್ಲ' ಎನ್ನುತ್ತೇವಲ್ಲವೇ? ಇನ್ನೊಂದು, 'ನಿನ್ನೆ ಕಟ್ಟಿದ್ದೇನೆ' ಎಂಬುದು ಕನ್ನಡದಲ್ಲಿ ಸರಿ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ 'ಐ ಹ್ಯಾವ್ ಡಿಪಾಸಿಟೆಡ್ ಯೆಸ್ಟರ್ಡೇ' ಎಂದರೆ ತಪ್ಪು. ಮುಗಿದ ದಿನವನ್ನು ಹೆಸರಿಸಿದ ಮೇಲೆ 'ಹ್ಯಾವ್' ಬೇಡ. ದಿನ ಹೇಳದೆ, ಕೆಲಸ ಆಗಿದೆ ಎಂದಷ್ಟೇ ತಿಳಿಸುವಾಗ ಅದು ಬರಲಿ. 'ಹ್ಯಾಡ್' ಬೇಕಾಗುವುದು ಮುಖ್ಯವಾಗಿ ಎರಡು ಘಟನೆಗಳಲ್ಲಿ ಮೊದಲಿನದಕ್ಕೆ: ನಾನು ಸ್ಟೇಷನ್ ತಲುಪುವಷ್ಟರಲ್ಲಿ ರೈಲು ಹೊರಟಿತ್ತು, 'ಹ್ಯಾಡ್ ಸ್ಟಾರ್ಟೆಡ್'.

ಅಜ್ಜ ಅಜ್ಜಿಯರೇ, ಇಂಗ್ಲಿಷ್ ಬಾರದೆಂದು ಹಿಂಜರಿಯಬೇಡಿ. ರಾತ್ರಿ ಊಟದ ಹೊತ್ತಿಗೆ ನೀವು ಇಂದು ಮಾಡಿದ ಮೂರು ಕೆಲಸಗಳನ್ನು ಕನ್ನಡದಲ್ಲಿ ಹೇಳಿ. ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಹೇಳಲಿ. ನಿಮ್ಮ ದಿನ ಹೇಗೆ ಕಳೆಯಿತೆಂಬುದೂ ಅವರಿಗೆ ತಿಳಿಯುತ್ತದೆ.