ಮೊಟ್ಟೆ ಟ್ರೇಯಲ್ಲಿ ಆಲೂಗಡ್ಡೆ, ಒಲೆ ಪಕ್ಕ ಕುರಿಮರಿ

ವೇಲ್ಸ್‌ನ ಪಶ್ಚಿಮದಲ್ಲಿ, ಟೈವಿ ನದಿಯ ಕಣಿವೆಯಲ್ಲಿ, ಫೆಬ್ರವರಿ ಅರ್ಧ ಕಳೆಯುವ ಹೊತ್ತಿಗೆ ಹಗಲು 10 ಗಂಟೆ ಮುಟ್ಟುತ್ತದೆ. ಡಿಸೆಂಬರ್ ಕೊನೆಯಲ್ಲಿ 8 ಗಂಟೆಯೂ ಇರುವುದಿಲ್ಲ. 52 ಡಿಗ್ರಿ ಉತ್ತರ ಅಕ್ಷಾಂಶದ ಈ ಊರುಗಳಲ್ಲಿ ಸೊಪ್ಪು, ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಲೀಕ್ ಎಲ್ಲ ಚಳಿಗಾಲ ಪೂರ್ತಿ ನೆಲದಲ್ಲೇ ಇರುತ್ತವೆ. ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಹಗಲು 10 ಗಂಟೆ ದಾಟಿತೋ, ಪ್ಲಾಸ್ಟಿಕ್ ಹೊದಿಸಿದ ಪಾಲಿಟನಲ್ ಒಳಗೆ ಪಾಲಕ್‌ನ ನಡುವಿನಿಂದ ಹೊಸ ಎಲೆ ಏಳುತ್ತದೆ. ಹೊರಗೆ ಚಳಿ ಮಾತ್ರ ಹಾಗೇ ಇರುತ್ತದೆ, ಜನವರಿಗಿಂತ ಹೆಚ್ಚು ಕೊರೆಯುವ ದಿನಗಳೂ ಉಂಟು. ಇಲ್ಲಿಯ ತೋಟಗಾರರು ವರ್ಷದ ಲೆಕ್ಕ ಹಿಡಿಯುವುದು ಬೆಳಕಿನಿಂದ. ನನಗೆ ವರ್ಷದಲ್ಲೇ ಇಷ್ಟವಾದ ತಿಂಗಳು ಈ ಫೆಬ್ರವರಿ. ಬೇಸಿಗೆಯಲ್ಲಿ ತಟ್ಟೆಗೆ ಏನು ಬರುತ್ತದೆ ಅನ್ನುವುದು ಬಹುಪಾಲು ಈಗಲೇ ತೀರ್ಮಾನವಾಗಿಬಿಡುತ್ತದೆ.

ನಾನು ಹಾಸನದ ಕಡೆಯವಳು, ಆಲೂಗಡ್ಡೆ ಬೆಳೆಯುವ ಮನೆಯಲ್ಲಿ ಹುಟ್ಟಿದವಳು. ಜಲಂಧರದಿಂದ ಲಾರಿಯಲ್ಲಿ ಬಂದ ಬಿತ್ತನೆ ಗೆಡ್ಡೆಯನ್ನು ಎಪಿಎಂಸಿ ಯಾರ್ಡಿನಿಂದ ತಂದು, ಕಣ್ಣು ನೋಡಿ ಹೋಳು ಮಾಡಿ, ಮೊದಲ ಮಳೆಗೆ ನಾಟಿ ಮಾಡುವುದು ನಮ್ಮ ರೂಢಿ. ಈಗ ನನ್ನ ಮನೆ ಲ್ಯಾಂಪೀಟರ್ ಪೇಟೆಗೆ ಹತ್ತಿರದ ಹಳ್ಳಿಯಲ್ಲಿ. ಇಲ್ಲಿ ಕೈತೋಟದವರು ಗೆಡ್ಡೆಯನ್ನು ಇಡಿಯಾಗಿಯೇ ನೆಡುತ್ತಾರೆ, ಅದಕ್ಕೂ ಮೊದಲು ಮನೆಯೊಳಗೆ ಮೊಳಕೆ ಬರಿಸುತ್ತಾರೆ. ಕೋಳಿಮೊಟ್ಟೆ ಗಾತ್ರದ ಗೆಡ್ಡೆ ಕೈಗೆತ್ತಿಕೊಂಡು ತಿರುಗಿಸಿ ನೋಡಿದರೆ ಒಂದು ತುದಿಯಲ್ಲಿ ಕಣ್ಣುಗಳು ಗುಂಪಾಗಿರುತ್ತವೆ. ಆ ತುದಿ ಮೇಲೆ ಬರುವಂತೆ ಖಾಲಿ ಮೊಟ್ಟೆ ಟ್ರೇಯಲ್ಲಿ ಒಂದೊಂದನ್ನೇ ನಿಲ್ಲಿಸಿ, ಹೀಟರ್ ಇಲ್ಲದ ಕೋಣೆಯ ಕಿಟಕಿ ಹತ್ತಿರ ಇಡಬೇಕು. ತಣ್ಣಗಿರಬೇಕು, ಹಿಮ ತಾಗಬಾರದು, ಬೆಳಕು ಬೇಕೇ ಬೇಕು. ಕತ್ತಲಲ್ಲಿಟ್ಟರೆ ಮೊಳಕೆ ಬೆಳ್ಳಗೆ ಉದ್ದಕ್ಕೆ ಬೆಳೆದು, ಮುಟ್ಟಿದರೆ ಮುರಿಯುತ್ತದೆ. ಬೆಳಕಿನಲ್ಲಿ ಐದಾರು ವಾರಕ್ಕೆ ಹೆಬ್ಬೆರಳಿನ ಉಗುರಿನಷ್ಟು ಉದ್ದದ, ಹಸಿರು-ನೇರಳೆ ಬಣ್ಣದ ಗಿಡ್ಡ ಮೊಳಕೆ ಗಟ್ಟಿಯಾಗಿ ಕೂತಿರುತ್ತದೆ. ನೆಲ ಏಳೆಂಟು ಡಿಗ್ರಿಯಾದರೂ ಬಿಸಿಯಾಗದೆ ಗೆಡ್ಡೆ ಮಣ್ಣಿನಲ್ಲಿ ಮಿಸುಕುವುದಿಲ್ಲ; ಆ ಕಾಯುವ ವಾರಗಳನ್ನು ಕಿಟಕಿ ಹತ್ತಿರ ಕಳೆದರೆ ಬೆಳೆ ಅಷ್ಟು ಬೇಗ ಕೈಗೆ ಬರುತ್ತದೆ.

ಬೇಗ ಬರುವುದು ಮುಖ್ಯ. ಜುಲೈ, ಆಗಸ್ಟಿನ ಬೆಚ್ಚನೆಯ ಜಡಿಮಳೆಗೆ ಅಂಗಮಾರಿ ಬಂದೇ ಬರುತ್ತದೆ. ಹಾಸನದ ಹೊಲಗಳನ್ನು ಕರಿ ಹಿಡಿಸುವ ಅದೇ ರೋಗ. 1845ರಿಂದ ಐರ್ಲೆಂಡನ್ನು ಬರಗಾಲಕ್ಕೆ ನೂಕಿದ್ದೂ ಇದೇ. ಅದಕ್ಕೆ ತಡೆಯೊಡ್ಡುವ ಸಾರ್ಪೊ ಮೀರಾ ಎಂಬ ತಳಿಯ ಮೂಲ ಹಂಗರಿಯ ಸಾರ್ವಾರಿ ಕುಟುಂಬದ ಹಲವು ದಶಕಗಳ ದುಡಿಮೆ. ಆ ತಳಿಗಳ ಮೇಲೆ ಮುಂದಿನ ಕೆಲಸ ನಡೆದದ್ದು ಉತ್ತರ ವೇಲ್ಸ್‌ನಲ್ಲಿ, ಬ್ಯಾಂಗರ್ ಸಮೀಪ. ನಮ್ಮೂರ ರೈತರು ಔಷಧಿ ಹೊಡೆದು ಹೊಡೆದು ಸೋತು ಕೂತದ್ದನ್ನು ಕಂಡವಳು ನಾನು. ಔಷಧಿ ಇಲ್ಲದೆ ಸೆಪ್ಟೆಂಬರ್‌ವರೆಗೂ ಹಸಿರಾಗಿ ನಿಲ್ಲುವ ಈ ಗಿಡ ನೋಡಿದಾಗೆಲ್ಲ ತವರು ನೆನಪಾಗುತ್ತದೆ.

ನಮ್ಮ ನೈಋತ್ಯಕ್ಕಿರುವ ಪೆಂಬ್ರೋಕ್‌ಶೈರ್‌ನ ಕರಾವಳಿ ರೈತರದು ಬೇರೆ ಕಥೆ. ಸಮುದ್ರದ ಬಿಸುಪಿಗೆ ಅಲ್ಲಿ ಹಿಮ ಕಡಿಮೆ, ಫೆಬ್ರವರಿಯಲ್ಲೇ ನಾಟಿ ಶುರುಮಾಡಿ ಮೇ ತಿಂಗಳಿಗೆ ಎಳೆ ಆಲೂಗಡ್ಡೆಯನ್ನು ಮಾರುಕಟ್ಟೆಗೆ ತರುತ್ತಾರೆ. ಭಾರತದ ಭೌಗೋಳಿಕ ಸೂಚಿಯಂಥ ರಕ್ಷಣೆ ಪೆಂಬ್ರೋಕ್‌ಶೈರ್ ಎಳೆ ಆಲೂಗಡ್ಡೆಯ ಹೆಸರಿಗೆ 2013ರಲ್ಲಿ ಸಿಕ್ಕಿತು.

ನಮ್ಮ ಕಣಿವೆಯಲ್ಲಿ ಮಣ್ಣು ಹದಕ್ಕೆ ಬರುವವರೆಗೆ ಕಾಯದೆ ವಿಧಿಯಿಲ್ಲ. ಅಡಿಯಲ್ಲಿ ಪದರಗಲ್ಲು, ಮೇಲೆ ಹುಳಿ ಗುಣದ ಜಿಗುಟು ಮಣ್ಣು, ಚಳಿಗಾಲವಿಡೀ ಮಳೆ. ಪಕ್ಕದ ಫಾರಂನ ಯಜಮಾನರು ಎಂಬತ್ತು ದಾಟಿದವರು. ಬೇಲಿಯಾಚೆಯಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ, ಹೆಬ್ಬೆರಳಿನಿಂದ ತಿವಿಯುತ್ತಾರೆ. ಉಂಡೆ ಉದುರಿದರೆ ಸರಿ, ಮುದ್ದೆಯಾಗಿ ಹೊಳೆಯುತ್ತಿದ್ದರೆ "ಇನ್ನೂ ಇಲ್ಲಮ್ಮ" ಅನ್ನುವ ಅರ್ಥದಲ್ಲಿ ತಲೆ ಆಡಿಸುತ್ತಾರೆ. ಒದ್ದೆ ಪಾತಿ ತುಳಿದರೆ ಮಣ್ಣಿನ ಗಾಳಿಯೆಲ್ಲ ಹೊರಟುಹೋಗಿ, ಆ ಜಾಗ ವರ್ಷವಿಡೀ ಸಿಮೆಂಟಿನ ಹಾಗೆ ಬಿಗಿದುಕೊಳ್ಳುತ್ತದೆ. ಹಾಗಾಗಿ ನಾವು ಹಲಗೆ ಹಾಕಿಕೊಂಡೇ ಓಡಾಡುವುದು.

ಯಜಮಾನರಿಗೆ ಈ ತಿಂಗಳು ಗಿಡಬೇಲಿಯ ಅವಸರ. ಮಾರ್ಚ್ 1ರಿಂದ ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ರೈತರು ಆಗಸ್ಟ್ ಕೊನೆವರೆಗೆ ಬೇಲಿ ಸವರುವಂತಿಲ್ಲ. ಬೇಲಿ ಗಿಡಗಳ ಕಾಂಡವನ್ನು ಬುಡದಲ್ಲಿ ಮುಕ್ಕಾಲು ಭಾಗ ಕೊಚ್ಚಿ, ಉಳಿದ ಸೀಳಿನ ಮೇಲೆ ಓರೆಯಾಗಿ ಮಲಗಿಸುತ್ತಾರೆ. ವಸಂತಕ್ಕೆ ಬುಡದಿಂದ ಹೊಸ ಚಿಗುರು ಎದ್ದು, ಕುರಿ ನುಗ್ಗದಷ್ಟು ದಟ್ಟವಾಗುತ್ತದೆ.

ಯಜಮಾನರ ಅಡುಗೆಮನೆಯಲ್ಲಿ, ಒಲೆ ಪಕ್ಕದ ರಟ್ಟಿನ ಡಬ್ಬದಲ್ಲಿ ಕುರಿಮರಿ. ಕಣಿವೆಯಲ್ಲಿ ಫೆಬ್ರವರಿಗೇ ಕುರಿಗಳು ಈಯುತ್ತವೆ, ಬೆಟ್ಟದ ಮೇಲಿನ ಫಾರಂಗಳಲ್ಲಿ ಮಾರ್ಚ್, ಏಪ್ರಿಲ್. ಮಳೆಗೆ ನೆನೆದು ತಣ್ಣಗಾದ ಮರಿಯನ್ನು ಮೊದಲು ಬೆಚ್ಚಗೆ ಮಾಡಿ, ಆಮೇಲೆ ಗಿಣ್ಣು ಹಾಲು ಕುಡಿಸಬೇಕು. ಕುರಿಮರಿಗೆ ಹೊಟ್ಟೆಯೊಳಗಿದ್ದಾಗ ತಾಯಿಯಿಂದ ರೋಗ ತಡೆಯುವ ಶಕ್ತಿ ಬರುವುದಿಲ್ಲ. ಹುಟ್ಟಿದ ಮೊದಲ ಕೆಲವು ಗಂಟೆಗಳ ಗಿಣ್ಣಿನಿಂದಲೇ ಬರಬೇಕು. ಅದಕ್ಕೇ ಫಾರಂನ ಅಮ್ಮ ಫ್ರೀಜರಿನಲ್ಲಿ ಗಿಣ್ಣು ಕೂಡಿಟ್ಟಿರುತ್ತಾರೆ. ಸರಿರಾತ್ರಿ ಎದ್ದು ಬಾಟಲಿ ಹಿಡಿಯುವ ಅವರ ಕೈಯಲ್ಲಿ ನಾನೂ ಕಲಿತೆ.

ಮಾರ್ಚ್ 1 ಸಂತ ಡೇವಿಡರ ದಿನ. ಶಾಲೆ ಮಕ್ಕಳು ಎದೆಗೆ ಲೀಕ್ ಅಥವಾ ಡ್ಯಾಫೋಡಿಲ್ ಹೂವು ಸಿಕ್ಕಿಸಿಕೊಂಡು ಹೊರಡುತ್ತಾರೆ. ಮನೆಮನೆಯಲ್ಲೂ ಕೌಲ್: ಕುರಿಮಾಂಸ, ಸ್ವೀಡ್ ಗೆಡ್ಡೆ, ಕ್ಯಾರೆಟ್, ಆಲೂಗಡ್ಡೆ ಬೇಯಿಸಿ ಕೊನೆಗೆ ಲೀಕ್ ಹಾಕುವ ತೆಳು ಸಾರು. ನಮ್ಮ ಸೊಪ್ಪಿನ ಸಾರಿನಂತೆ ಮಾರನೇ ದಿನವೇ ಇದರ ರುಚಿ ಹೆಚ್ಚು.

ಲೀಕ್ ಕಿತ್ತ ಪಾತಿ ಖಾಲಿಯಾಗುತ್ತದೆ. ಅದಕ್ಕೆ ಸುಣ್ಣ ಹಾಕುವುದಿಲ್ಲ, ಸುಣ್ಣ ಬಿದ್ದ ನೆಲದಲ್ಲಿ ಆಲೂಗಡ್ಡೆಗೆ ಕಜ್ಜಿ ಹಿಡಿಯುತ್ತದೆ. ಕೊಟ್ಟಿಗೆ ಗೊಬ್ಬರ ಸುರಿದು, ಮೇಲೆ ಕುರಿಯುಣ್ಣೆ ಹಾಸುತ್ತೇನೆ. ಉಣ್ಣೆ ಮಾರಿದರೆ ಕತ್ತರಿಸುವ ಕೂಲಿಯೂ ಗಿಟ್ಟುವುದಿಲ್ಲವೆಂದು ಯಜಮಾನರು ಮೂಟೆಗಟ್ಟಲೆ ಕೊಡುತ್ತಾರೆ. ಏಪ್ರಿಲ್‌ನಲ್ಲಿ ಆ ಉಣ್ಣೆ ಸರಿಸಿ ಸಾರ್ಪೊ ನೆಡುವುದು.