ಕಾಮಗಾರಿ ಸ್ಥಳಗಳಿಗೆ ಬಾಡಿಗೆ ಸಂಚಾರಿ ಶೌಚಾಲಯ: ಕಾಗವಾಡ ಭಾಗದ ಮಾಲೀಕರು ಹಾಗೂ ಗುತ್ತಿಗೆದಾರರಿಗೆ ಮಾಹಿತಿ

ಕಾಮಗಾರಿ ಸ್ಥಳದಲ್ಲಿ ದುಡಿಯುವವರಿಗೆ ಶೌಚಾಲಯ ಒದಗಿಸುವುದು ಮಾಲೀಕರ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ. ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ 1996ರ ಅಧಿನಿಯಮದ 33ನೇ ಕಲಮು ಇದನ್ನು ಕಡ್ಡಾಯಗೊಳಿಸಿತ್ತು. ಆ ಅಧಿನಿಯಮದ ಸ್ಥಾನದಲ್ಲಿ ದಿನಾಂಕ 21-11-2025ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಸಹ ಇದೇ ಹೊಣೆಯನ್ನು ಮುಂದುವರಿಸಿದ್ದು, ಪುರುಷ, ಮಹಿಳೆ ಹಾಗೂ ತೃತೀಯ ಲಿಂಗಿ ನೌಕರರಿಗೆ ಪ್ರತ್ಯೇಕ ವ್ಯವಸ್ಥೆಯನ್ನೂ ಅದರ ಶುಚಿತ್ವವನ್ನೂ ಅಪೇಕ್ಷಿಸುತ್ತದೆ. ಹತ್ತಕ್ಕಿಂತ ಕಡಿಮೆ ಕಾರ್ಮಿಕರಿರುವ ಕೆಲಸಗಳು ಹಾಗೂ ಒಟ್ಟು ವೆಚ್ಚ 50 ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಗಳ ಕೆಲಸ ಸಂಹಿತೆಯ ನಿರ್ಮಾಣ ಕಾಮಗಾರಿಯ ವ್ಯಾಖ್ಯೆಯಿಂದ ಹೊರಗಿವೆ. ಹೊರಗಿದ್ದ ಮಾತ್ರಕ್ಕೆ ಅಲ್ಲಿನ ಕಾರ್ಮಿಕರ ಅಗತ್ಯ ಕಡಿಮೆಯಾಗುವುದಿಲ್ಲವೆಂಬುದು ಬೇರೆ ಮಾತು.

ಶೌಚಾಲಯವಿಲ್ಲದ ಸ್ಥಳದಲ್ಲಿ ಹೆಚ್ಚಿನ ತೊಂದರೆ ಮಹಿಳೆಯರದು. ಕತ್ತಲಾಗುವವರೆಗೆ ತಡೆದುಕೊಳ್ಳಬೇಕಾಗುವುದೆಂದು ಅವರು ಬೇಸಿಗೆಯಲ್ಲೂ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮೂತ್ರನಾಳದ ಸೋಂಕು, ಬಿಸಿಲಿನ ಬಳಲಿಕೆಗಳಿಗೆ ಇದು ಕಾರಣವಾಗುತ್ತದೆ. ಪಕ್ಕದ ಕಬ್ಬಿನ ಗದ್ದೆಯೇ ಆಸರೆಯಾದರೆ ಹಾವು ಚೇಳುಗಳ ಭಯ, ಹೊಲದವರೊಡನೆ ತಕರಾರು.

ಈ ಭಾಗಕ್ಕೆ ಸಂಚಾರಿ ಶೌಚಾಲಯ ಏಕೆ?

ಕಾಲುವೆ, ರಸ್ತೆ, ಕೊಳವೆ ಮಾರ್ಗದಂತಹ ಕಾಮಗಾರಿಗಳಲ್ಲಿ ಕಾರ್ಮಿಕರ ತಂಡವು ಒಂದೇ ಕಡೆ ನಿಲ್ಲುವುದಿಲ್ಲ. ಕೆಲವೇ ವಾರಗಳ ಬಳಕೆಗಾಗಿ ಶೌಚಾಲಯ ಕಟ್ಟಲು ಯಾರೂ ಮುಂದಾಗುವುದಿಲ್ಲ. ಮೇಲಾಗಿ ಇಲ್ಲಿನ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುವಂತಹುದು. ತೊಯ್ದ ನಂತರ ನೀರನ್ನು ಸುಲಭವಾಗಿ ಇಂಗಗೊಡುವುದಿಲ್ಲ. ಅವಸರದಲ್ಲಿ ತೋಡಿದ ಗುಂಡಿ ಮೊದಲ ಮಳೆಗೇ ತುಂಬಿ ಹೊರಚೆಲ್ಲುವ ಸಂಭವವಿರುತ್ತದೆ. ಕೃಷ್ಣಾ ನದಿಯ ಸಮೀಪದಲ್ಲಿ ಇದು ಕುಡಿಯುವ ನೀರಿನ ಪ್ರಶ್ನೆಯೂ ಆಗುತ್ತದೆ.

ಎಷ್ಟು ಬೇಕು?

ಗುತ್ತಿಗೆ ಕಾರ್ಮಿಕರ 1971ರ ಕೇಂದ್ರ ನಿಯಮಗಳು 25 ಮಹಿಳೆಯರಿಗೆ ಒಂದು, 25 ಪುರುಷರಿಗೆ ಒಂದು ಹಾಗೂ ನೂರು ಮೀರಿದ ನಂತರ ಪ್ರತಿ 50 ಮಂದಿಗೆ ಒಂದು ಎಂಬ ಪ್ರಮಾಣವನ್ನು ಹೇಳಿದ್ದವು. ಆದರೆ ಅವು ಕಟ್ಟಿದ ಶೌಚಾಲಯಗಳನ್ನು ಕಣ್ಣ ಮುಂದಿಟ್ಟ ಪ್ರಮಾಣಗಳು. ಬಾಡಿಗೆ ಘಟಕದಲ್ಲಿ ಮಿತಿ ಹಾಕುವುದು ಕೆಳಗಿನ ತೊಟ್ಟಿ. ಸಾಮಾನ್ಯ ಘಟಕದ ತೊಟ್ಟಿ ಸುಮಾರು 225 ಲೀಟರ್ ಹಿಡಿಯುತ್ತದೆ. ನೀರು ಸುರಿಯದೆ ರಾಸಾಯನಿಕ ದ್ರಾವಣವನ್ನಷ್ಟೇ ಬಳಸುವ ಹೊರದೇಶಗಳ ರೂಢಿಯಲ್ಲಿ ಅದು ಹತ್ತು ಮಂದಿಗೆ ಒಂದು ವಾರ ಸಾಲುತ್ತದೆ. ನಮ್ಮಲ್ಲಿ ನೀರಿಲ್ಲದ ಶೌಚವನ್ನು ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ತಲಾ ದಿನಕ್ಕೆ 3 ಲೀಟರ್ ತೊಟ್ಟಿಗೆ ಸೇರುವುದೆಂದು ಹಿಡಿದರೂ 25 ಮಂದಿಯಿಂದ 75 ಲೀಟರ್ ಆಗಿ, ಮೂರೇ ದಿನಗಳಲ್ಲಿ ತೊಟ್ಟಿ ತುಂಬುತ್ತದೆ. ವಾರಕ್ಕೊಮ್ಮೆ ಬರಿದು ಮಾಡುವ ಕರಾರಿಗೆ ಸಹಿ ಹಾಕಿದ ಗುತ್ತಿಗೆದಾರರು ನಾಲ್ಕನೆಯ ದಿನ ಬಾಗಿಲು ಹಾಕಿಕೊಂಡ ಶೌಚಾಲಯಕ್ಕೆ ಬಾಡಿಗೆ ತೆರುತ್ತಿರುತ್ತಾರೆ. ಆದ್ದರಿಂದ ಘಟಕಗಳ ಸಂಖ್ಯೆಗಿಂತ ಮೊದಲು ತೊಟ್ಟಿಯ ಅಳತೆ ಹಾಗೂ ಬರಿದು ಮಾಡುವ ಅವಧಿಯನ್ನು ವಿಚಾರಿಸತಕ್ಕದ್ದು. ಜೈವಿಕ ಜೀರ್ಣಕ ತೊಟ್ಟಿಯುಳ್ಳ ಘಟಕಗಳಲ್ಲಿ ಸೂಕ್ಷ್ಮಾಣುಗಳು ಮಲವನ್ನು ಕರಗಿಸುವುದರಿಂದ ಈ ತೊಂದರೆ ಕಡಿಮೆ. ಆದರೆ ಅವುಗಳಿಂದ ಹೊರಬರುವ ನೀರಿಗೂ ದಾರಿ ಬೇಕು, ಫಿನಾಯಿಲ್ ಮುಂತಾದವನ್ನು ಯಥೇಚ್ಛವಾಗಿ ಸುರಿದರೆ ಸೂಕ್ಷ್ಮಾಣುಗಳು ಸಾಯುತ್ತವೆ.

ಕರಾರು ಮತ್ತು ನಿರ್ವಹಣೆ

ಸಾಗಾಣಿಕೆ, ಬರಿದು ಮಾಡುವಿಕೆ, ದುರಸ್ತಿ ಇವು ಬಾಡಿಗೆಯಲ್ಲಿ ಸೇರಿವೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯುವುದು ಸೂಕ್ತ. ಸರಬರಾಜುದಾರರು ಬೆಳಗಾವಿಯಿಂದಲೋ ಗಡಿಯಾಚೆಯ ಸಾಂಗಲಿ, ಮಿರಜಗಳಿಂದಲೋ ಬರುವವರಾದಲ್ಲಿ, ಸಕ್ಕಿಂಗ್ ಯಂತ್ರ ಎಲ್ಲಿಂದ ಬರುವುದು, ಮಲತ್ಯಾಜ್ಯವನ್ನು ಯಾವ ಅಧಿಕೃತ ಸ್ಥಳಕ್ಕೆ ಒಯ್ಯುವುದು ಎಂಬುದನ್ನೂ ನಮೂದಿಸಬೇಕು. ಹಳ್ಳಕ್ಕೋ ಕಾಲುವೆಗೋ ಸುರಿಯುವಂತಿಲ್ಲ. ಯಂತ್ರ ಬಾರದ ದಿನ ಕೂಲಿಯವರಿಂದ ತೊಟ್ಟಿಯ ಮಲವನ್ನು ಕೈಯಿಂದ ಎತ್ತಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಅಧಿನಿಯಮಕ್ಕೆ ವಿರುದ್ಧವಾದುದು. ಮಲಗುಂಡಿ ಹಾಗೂ ಒಳಚರಂಡಿಗಳ ಅಪಾಯಕಾರಿ ಶುಚಿಗೊಳಿಸುವಿಕೆಗೆ ಜನರನ್ನು ತೊಡಗಿಸಿದಲ್ಲಿ ಮೊದಲ ಅಪರಾಧಕ್ಕೇ ಎರಡು ವರ್ಷಗಳವರೆಗೆ ಕಾರಾಗೃಹವಾಸ ಅಥವಾ ಎರಡು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ಈ ಅಧಿನಿಯಮ ವಿಧಿಸುತ್ತದೆ.

ಘಟಕವನ್ನು ಕುಡಿಯುವ ನೀರಿನ ಸ್ಥಳದಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಗರಸು ಹಾಕಿದ ಎತ್ತರದ ನೆಲದ ಮೇಲೆ ನಿಲ್ಲಿಸಿ, ಗಾಳಿಗೆ ಉರುಳದಂತೆ ಬಿಗಿಯುವುದು ಲೇಸು. ತೊಯ್ದ ಎರೆಮಣ್ಣಿನಲ್ಲಿ ಸಕ್ಕಿಂಗ್ ಯಂತ್ರದ ಗಾಲಿ ಹೂತುಹೋಗುವುದರಿಂದ ಗಟ್ಟಿ ರಸ್ತೆಯ ಹತ್ತಿರವಿರುವುದು ಅಗತ್ಯ. ಮಹಿಳೆಯರ ಘಟಕವು ಪ್ರತ್ಯೇಕವಾಗಿದ್ದು, ಒಳಗಿನಿಂದ ಚಿಲಕ, ನೀರು, ಬೆಳಕು ಇರತಕ್ಕದ್ದು. ಬರೆಹ ಓದಲಾರದವರಿಗಾಗಿ ಗಂಡು, ಹೆಣ್ಣಿನ ಚಿತ್ರವನ್ನೂ ಬರೆಯಿಸಬೇಕು.

ನದಿ ತೀರದ ಕಾಮಗಾರಿಗಳಿಗೆ ಇನ್ನೊಂದು ಎಚ್ಚರಿಕೆ. 2019ರ ಆಗಸ್ಟ್‌ನಲ್ಲಿ ಹಾಗೂ 2021ರ ಜುಲೈನಲ್ಲಿ ಬಂದಂತಹ ನೆರೆಯಲ್ಲಿ ತುಂಬಿದ ತೊಟ್ಟಿ ತೇಲಿಹೋದರೆ ಅದರಲ್ಲಿರುವುದೆಲ್ಲವೂ ಕೆಳಗಿನ ಗ್ರಾಮಗಳ ನೀರಿಗೆ ಸೇರುತ್ತದೆ. ಪ್ರವಾಹದ ಮುನ್ಸೂಚನೆ ದೊರೆತ ಕೂಡಲೇ ತೊಟ್ಟಿಯನ್ನು ಬರಿದು ಮಾಡಿಸಿ, ಘಟಕವನ್ನು ಎತ್ತರದ ಸ್ಥಳಕ್ಕೆ ಸಾಗಿಸುವ ಹೊಣೆ ಯಾರದೆಂಬುದನ್ನು ಕರಾರಿನಲ್ಲಿಯೇ ಗೊತ್ತುಪಡಿಸಿಕೊಳ್ಳತಕ್ಕದ್ದು.

ಶೌಚಾಲಯ ಒದಗಿಸದಿರುವ ಬಗ್ಗೆ ಕಾರ್ಮಿಕರು ಕಾರ್ಮಿಕ ಸಹಾಯವಾಣಿ 155214ಕ್ಕೆ ದೂರು ನೀಡಬಹುದು.