ಓದು ಹತ್ತದವರಿಗೆ ಇನ್ನೊಂದು ವರ್ಷ ದಂಡವೇ?

ಓದು ತಲೆಗೆ ಹತ್ತದ ಹುಡುಗರನ್ನು ಇನ್ನೂ ಒಂದು ವರ್ಷ ಶಾಲೆಯಲ್ಲಿ ಕೂರಿಸುವುದು ದಂಡ, ಕೈಗೊಂದು ಕೆಲಸ ಹಚ್ಚಿದರೆ ಬದುಕಿಕೊಳ್ಳುತ್ತಾರೆ ಎಂಬ ನಂಬಿಕೆ ಬಲವಾಗಿದೆ. ಹೆಚ್ಚು ಓದಿದವರಿಗೆ ಹೆಚ್ಚು ಸಂಬಳ ಸಿಗುತ್ತದಲ್ಲ ಎಂದು ಇದಕ್ಕೆ ಉತ್ತರ ಕೊಟ್ಟರೆ ಸಾಲದು. ಹೆಚ್ಚು ಓದುವವರು ಬಹಳಮಟ್ಟಿಗೆ ಅನುಕೂಲವಿರುವ ಮನೆಯ ಮಕ್ಕಳು, ಸಂಬಳ ಶಾಲೆಯಿಂದ ಬಂತೋ ಮನೆಯಿಂದ ಬಂತೋ ತಿಳಿಯುವುದಿಲ್ಲ. ಈ ಗೋಜಲನ್ನು ಬಿಡಿಸಿದ್ದು ಒಂದು ಕಾನೂನು. 1972ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶಾಲೆ ಬಿಡಬಹುದಾದ ವಯಸ್ಸು 15ರಿಂದ 16ಕ್ಕೆ ಏರಿತು. 1957ರ ಆಗಸ್ಟ್ ಕೊನೆಯಲ್ಲಿ ಹುಟ್ಟಿದವರು ಹದಿನೈದಕ್ಕೇ ಹೊರಡಬಹುದಿತ್ತು. ಸೆಪ್ಟೆಂಬರ್ 1ರಂದು ಹುಟ್ಟಿದವರು ಮನಸ್ಸಿಲ್ಲದಿದ್ದರೂ ಉಳಿಯಬೇಕಾಯಿತು. ಹೇಗೂ ಓದುತ್ತಿದ್ದವರಿಗೆ ಈ ಕಾನೂನು ತಾಗಲೇ ಇಲ್ಲ. ಅದು ಹಿಡಿದು ನಿಲ್ಲಿಸಿದ್ದು ಯಾವಾಗ ಬಿಟ್ಟೇವೋ ಎಂದು ಕಾಯುತ್ತಿದ್ದವರನ್ನೇ.

ಫಲ? ಅರ್ಥಶಾಸ್ತ್ರಜ್ಞ ಜೂಲಿಯಾಂ ಗ್ರೆನೆ ಲೆಕ್ಕ ಹಾಕಿದಂತೆ, ಹೀಗೆ ಉಳಿದವರ ಗಂಟೆಯ ಸಂಬಳ ಮುಂದೆ ಶೇ. 6ರಿಂದ 7ರಷ್ಟು ಹೆಚ್ಚಿತು. ದಂಡವೆಂಬ ನಂಬಿಕೆ ಇಲ್ಲಿಗೆ ಬಿತ್ತು. ಆದರೆ ಇನ್ನೊಂದು ತಪ್ಪು ಕಲ್ಪನೆ ಇಲ್ಲಿಂದಲೇ ತಲೆಯೆತ್ತುತ್ತದೆ: ಶಾಲೆಯಲ್ಲಿ ಎಷ್ಟು ಕೂತರೆ ಅಷ್ಟು ಲಾಭ ಎಂಬುದು. ಫ್ರಾನ್ಸ್ ಕೂಡ 1960ರ ದಶಕದಲ್ಲಿ ವಯಸ್ಸನ್ನು 14ರಿಂದ 16ಕ್ಕೆ ಏರಿಸಿತ್ತು. ಅಲ್ಲಿ ಸಂಬಳ ಕದಲಲಿಲ್ಲ. ಜರ್ಮನಿಯಲ್ಲಿ ಕಡ್ಡಾಯ ಶಿಕ್ಷಣ ಎಂಟರಿಂದ ಒಂಬತ್ತು ವರ್ಷವಾದಾಗಲೂ ಅಷ್ಟೇ. ಗ್ರೆನೆ ಕೊಡುವ ಕಾರಣ ನನಗೆ ಒಪ್ಪಿತ. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಪರೀಕ್ಷೆ ನಡೆಯುತ್ತಿದ್ದುದು ಹದಿನಾರರಲ್ಲಿ. ಮೊದಲು ಅದರ ಹೊಸ್ತಿಲಲ್ಲೇ ತಿರುಗಿ ಹೋಗುತ್ತಿದ್ದವರು ಈಗ ಪರೀಕ್ಷೆಗೆ ಕೂತರು, ಹಲವರು ಒಂದಾದರೂ ಪ್ರಮಾಣಪತ್ರ ಹಿಡಿದು ಹೊರಬಂದರು. ಫ್ರಾನ್ಸಿನಲ್ಲಿ ವರ್ಷಗಳು ಕೂಡಿದವು, ಬರಿಗೈಯಲ್ಲಿ ಹೊರಡುವವರ ಪಾಲು ಅಷ್ಟೇನೂ ಇಳಿಯಲಿಲ್ಲ.

ಹಾಗಾದರೆ ಲಾಭವೆಲ್ಲ ಕಾಗದದ್ದು, ಕಲಿಕೆಯದ್ದಲ್ಲ ಎಂದು ಯಾರಾದರೂ ತಕರಾರು ಎತ್ತಬಹುದು. ಇರಲಿ, ಕೆಲಸ ಕೇಳಿ ಬಾಗಿಲಲ್ಲಿ ನಿಂತ ಹುಡುಗನಿಗೆ ಆ ಕಾಗದವೇ ಬೀಗದ ಕೈ. ಜೊತೆಗೆ, ಇಂಗ್ಲೆಂಡಿನ ಅದೇ ಕಾನೂನಿನ ನಂತರ ಕಳ್ಳತನದಂಥ ಅಪರಾಧಗಳೂ ಇಳಿದುದನ್ನು ಅರ್ಥಶಾಸ್ತ್ರಜ್ಞ ಸ್ಟೀಫನ್ ಮೇಚಿನ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಆಯುಸ್ಸು ಹೆಚ್ಚುತ್ತದೆಂಬ ಭರವಸೆ ಮಾತ್ರ ಬ್ರಿಟನ್ನಿನ ಅಂಕಿಗಳಲ್ಲಿ ನಿಲ್ಲಲಿಲ್ಲ.

ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಕೈ ಹದಿನಾಲ್ಕಕ್ಕೆ ಬಿಡುತ್ತದೆ, ಎಸ್ಸೆಸ್ಸೆಲ್ಸಿ ಅದರಾಚೆ ಇದೆ. ಓದು ಬೇಡ, ಕೈಕೆಲಸ ಕಲಿಯಲಿ ಎಂದು ಎಂಟನೆಯ ತರಗತಿಗೇ ಬಿಡಿಸಿದ ಹುಡುಗನನ್ನು ಐಟಿಐಗೆ ಕರೆದೊಯ್ದು ನೋಡಿ: ಅಲ್ಲಿನ ಹೆಚ್ಚಿನ ಟ್ರೇಡ್‌ಗಳು ಮೊದಲು ಕೇಳುವುದು ಹತ್ತನೆಯ ತರಗತಿಯ ಅಂಕಪಟ್ಟಿಯನ್ನು.